ಸೀಲು ಅಸಲಿ, ನಂಬುವುದು ಹೇಗೆ? – ನಮ್ಮದೇ ‘ಸರ್ಟಿಫಿಕೇಟ್ ಅಥಾರಿಟಿ’ಯ ಹಿಂದಿನ ಕಥೆ

ಅಂತರಜಾಲದಿಂದ ಇಳಿಸಿಕೊಂಡ ಆಧಾರ್ ಪಿಡಿಎಫನ್ನು ಅಡೋಬಿ ರೀಡರಿನಲ್ಲಿ ತೆರೆದವರು ಸಹಿಯ ಜಾಗದಲ್ಲಿ ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಕಂಡಿರಬಹುದು. ಪಕ್ಕದಲ್ಲೇ ‘ವ್ಯಾಲಿಡಿಟಿ ಅನ್‌ನೋನ್’ ಎಂಬ ಬರಹ. ಹೆತ್ತವರು ಅದನ್ನು ತೋರಿಸಿ, “ಇದು ಡೂಪ್ಲಿಕೇಟಾ ಮಾಷ್ಟ್ರೇ?” ಎಂದು ಕೇಳುವುದುಂಟು.

ಡೂಪ್ಲಿಕೇಟಲ್ಲ. ಸಹಿ ಸರಿಯಾದದ್ದೇ. ಆದರೆ ಆ ಸಹಿಯ ಹಿಂದೆ ನಿಂತಿರುವ ಭಾರತ ಸರಕಾರದ ಮೂಲ ಪ್ರಮಾಣಪತ್ರವು ಆ ತಂತ್ರಾಂಶದ ನಂಬಿಕಸ್ಥರ ಪಟ್ಟಿಯಲ್ಲಿ ಇಲ್ಲ, ಅಷ್ಟೆ. ‘ಇದು ಸುಳ್ಳು’ ಎಂದು ತಂತ್ರಾಂಶ ಹೇಳುತ್ತಿಲ್ಲ. ‘ಸೀಲು ಹಾಕಿದವರು ಯಾರೆಂದು ನನಗೆ ಗೊತ್ತಿಲ್ಲ’ ಎನ್ನುತ್ತಿದೆ. ಎರಡಕ್ಕೂ ಬಹಳ ವ್ಯತ್ಯಾಸ ಉಂಟು.

ಗಡಿನಾಡಿನವರಾದ ನಮಗೆ ಈ ವ್ಯತ್ಯಾಸ ಅರ್ಥವಾಗಲು ಕಂಪ್ಯೂಟರೇ ಬೇಕೆಂದಿಲ್ಲ. ಗಡಿನಾಡ ಕನ್ನಡಿಗರೆಂದು ಕರ್ನಾಟಕದ ಸಿಇಟಿಗೆ ಹೋಗುವ ಮಕ್ಕಳು ಇಲ್ಲಿಯ ತಾಲೂಕು ಆಫೀಸಿನ ಪ್ರಮಾಣಪತ್ರವನ್ನು ಅಲ್ಲಿಗೆ ಒಯ್ಯಬೇಕು. ಕಾಗದ ಇಲ್ಲಿಯದು, ಪರಿಶೀಲಿಸುವವರು ಅಲ್ಲಿಯವರು. ಅವರಿಗೆ ಮಗುವಿನ ಪರಿಚಯವಿಲ್ಲ, ಸಹಿ ಹಾಕಿದ ತಹಸೀಲ್ದಾರರ ಪರಿಚಯವೂ ಇಲ್ಲ. ಇಂಥ ಆಫೀಸಿನ ಸೀಲನ್ನು ಒಪ್ಪಬೇಕು ಎಂಬ ನಿಯಮವೊಂದು ಅವರ ಕೈಯಲ್ಲಿ ಇದೆ, ಆದ್ದರಿಂದ ಒಪ್ಪುತ್ತಾರೆ. ಆ ನಿಯಮ ಇಲ್ಲದೇ ಹೋದರೆ ಸೀಲು ಎಷ್ಟೇ ಅಸಲಿಯಾಗಿದ್ದರೂ ಬರಿಯ ಶಾಯಿ.

ವೆಬ್ ವಿಳಾಸದ ಮುಂದಿನ ‘ಎಚ್‌ಟಿಟಿಪಿಎಸ್’ ಎಂಬುದರ ಹಿಂದೆ ಇರುವುದೂ ಇದೇ ಏರ್ಪಾಡು. ಗಣಕಲೋಕದಲ್ಲಿ ಸೀಲು ಹಾಕುವ ಆಫೀಸಿಗೆ ಸರ್ಟಿಫಿಕೇಟ್ ಅಥಾರಿಟಿ, ಚುಟುಕಾಗಿ ‘ಸಿಎ’ ಎನ್ನುತ್ತಾರೆ. ಶಾಲೆಯ ಲ್ಯಾಬಿನ ಹಳೆಯ ಕಂಪ್ಯೂಟರೊಂದರಲ್ಲಿ ಹತ್ತಿಪ್ಪತ್ತು ನಿಮಿಷಗಳಲ್ಲಿ ನಾವೇ ಒಂದು ಸಿಎ ಕಟ್ಟಿಕೊಳ್ಳಬಹುದು. ಕಟ್ಟುವುದು ಅಷ್ಟು ಸುಲಭ. ಅದಕ್ಕೆ ಎಷ್ಟು ಅಧಿಕಾರ ಕೊಡಬೇಕು, ಅದರ ಕೀಲಿಕೈಯನ್ನು ಎಲ್ಲಿಡಬೇಕು ಎಂಬುದನ್ನು ಕಲಿಯಲು ಮಾತ್ರ ಜಗತ್ತಿಗೆ ನಲುವತ್ತು ವರ್ಷ ಹಿಡಿಯಿತು. ಆ ನಲುವತ್ತು ವರ್ಷಗಳ ಕಥೆಯನ್ನು ಸ್ವಲ್ಪ ನೋಡೋಣ.

ಡೈರೆಕ್ಟರಿಯಿಂದ ಟಿಸಿಯವರೆಗೆ

ಗುಟ್ಟಿನ ಬರಹಕ್ಕೆ ಹಿಂದೆಲ್ಲ ಒಂದೇ ಕೀಲಿಕೈ. ಬರೆದವನ ಬಳಿಯೂ ಓದುವವನ ಬಳಿಯೂ ಅದೇ ಇರಬೇಕು. ಹಾಗಾದರೆ ಆ ಕೀಲಿಕೈಯನ್ನು ಮೊದಲು ತಲುಪಿಸುವುದು ಹೇಗೆ? ರಾಜರಿಗೆ, ಸೈನ್ಯಕ್ಕೆ ದೂತರಿದ್ದರು. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರು ಸಾಮಾನ್ಯರು ಏನು ಮಾಡಬೇಕು?

1976ರ ನವೆಂಬರಿನಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಒಂದು ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೀಲಿಕೈ ಒಂದಲ್ಲ, ಜೋಡಿ. ಒಂದು ಬಹಿರಂಗದ್ದು, ಊರಿಗೆಲ್ಲ ಹಂಚಬಹುದು. ಇನ್ನೊಂದು ಗುಟ್ಟಿನದು, ಯಜಮಾನನ ಬಳಿಯಲ್ಲೇ ಉಳಿಯಬೇಕು. ಬಹಿರಂಗದ್ದರಿಂದ ಮುಚ್ಚಿದ್ದನ್ನು ಗುಟ್ಟಿನದು ಮಾತ್ರ ತೆರೆಯುತ್ತದೆ. ಗುಟ್ಟಿನದರಿಂದ ಹಾಕಿದ ಸಹಿಯನ್ನು ಬಹಿರಂಗದ್ದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಮರುವರ್ಷ, 1977ರಲ್ಲಿ, ಎಂಐಟಿಯ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇದನ್ನು ನಿಜಕ್ಕೂ ನಡೆಸಿಕೊಡುವ ಗಣಿತವನ್ನು ಕಂಡುಹಿಡಿದರು. ಅವರ ಹೆಸರಿನ ಮೊದಲಕ್ಷರಗಳೇ ‘ಆರ್‌ಎಸ್‌ಎ’. (ಬ್ರಿಟನ್ನಿನ ಸರಕಾರಿ ಗೂಢಲಿಪಿ ಕೇಂದ್ರದಲ್ಲಿ ಎಲ್ಲಿಸ್, ಕಾಕ್ಸ್, ವಿಲಿಯಮ್ಸನ್ ಎಂಬವರು ಇದೇ ದಾರಿಯನ್ನು ಇವರಿಗಿಂತ ಮೊದಲೇ ಕಂಡಿದ್ದರು. ಅದು ಗುಟ್ಟಾಗಿಯೇ ಉಳಿದು, 1997ರಲ್ಲಷ್ಟೇ ಹೊರಬಂತು.)

ಇನ್ನು ಬಹಿರಂಗ ಕೀಲಿಕೈಗಳನ್ನು ಹಂಚುವುದು ಹೇಗೆ? ಟೆಲಿಫೋನ್ ಡೈರೆಕ್ಟರಿಯಂಥ ಸಾರ್ವಜನಿಕ ಪಟ್ಟಿಯೊಂದಿದ್ದರೆ ಸಾಕು ಎಂಬ ಯೋಚನೆ ಮೊದಲಿಗೆ ಬಂತು. ಕೇಳಲು ಚಂದ. ಆದರೆ ಪ್ರತಿಸಲವೂ ಎಲ್ಲರೂ ಅದನ್ನೇ ಕೇಳಬೇಕು, ಅದು ಕೆಟ್ಟರೆ ಎಲ್ಲವೂ ನಿಂತಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು: ಡೈರೆಕ್ಟರಿಯ ಉತ್ತರವನ್ನು ದಾರಿಯಲ್ಲೇ ಯಾರಾದರೂ ಬದಲಿಸಿ, ಬ್ಯಾಂಕಿನ ಕೀಲಿಕೈಯ ಜಾಗದಲ್ಲಿ ತನ್ನದನ್ನು ಇಟ್ಟರೆ?

ಇದನ್ನು ಬಿಡಿಸಿದವರು ದೊಡ್ಡ ಪ್ರೊಫೆಸರರಲ್ಲ, ಪದವಿ ವಿದ್ಯಾರ್ಥಿ. 1978ರ ಮೇ ತಿಂಗಳಲ್ಲಿ ಎಂಐಟಿಯಲ್ಲಿ ಲಾರೆನ್ ಕೋನ್‌ಫೆಲ್ಡರ್ ತನ್ನ ಪದವಿ ಪ್ರಬಂಧದಲ್ಲಿ ‘ಸರ್ಟಿಫಿಕೇಟ್’ ಎಂಬ ಮಾತನ್ನು ಈ ಅರ್ಥದಲ್ಲಿ ತಂದರು. ಡೈರೆಕ್ಟರಿಯು ಪ್ರತಿಯೊಬ್ಬರ ಹೆಸರು ಮತ್ತು ಬಹಿರಂಗ ಕೀಲಿಕೈಯನ್ನು ಒಟ್ಟಿಗೆ ಬರೆದು, ಅದರ ಮೇಲೆ ಒಮ್ಮೆ ಸಹಿ ಹಾಕಿ, ಅವರ ಕೈಗೇ ಕೊಟ್ಟುಬಿಡಲಿ. ಆಮೇಲೆ ಅವರು ಅದನ್ನು ಬೇಕಾದಲ್ಲಿಗೆ ಒಯ್ದು ತೋರಿಸಲಿ. ಶಾಲೆ ಬಿಡುವ ಮಗುವಿಗೆ ನಾವು ಟಿಸಿ ಬರೆದುಕೊಡುತ್ತೇವಲ್ಲ, ಹಾಗೆ. ಹೊಸ ಶಾಲೆಯವರು ಪ್ರತಿ ದಿನ ಹಳೆಯ ಶಾಲೆಗೆ ಫೋನು ಮಾಡಬೇಕಿಲ್ಲ. ಟಿಸಿಯ ಸಹಿ ಸರಿಯಿದ್ದರೆ ಸಾಕು.

ಟಿಸಿಗೆ ಇರುವ ತೊಂದರೆ ಇದಕ್ಕೂ ಇದೆ. ಒಮ್ಮೆ ಕೊಟ್ಟದ್ದನ್ನು ‘ಇನ್ನು ಇದು ನಡೆಯುವುದಿಲ್ಲ’ ಎಂದು ಎಲ್ಲರಿಗೂ ತಿಳಿಸುವುದು ಹೇಗೆ? ಈ ಪ್ರಶ್ನೆಗೆ ಇವತ್ತಿಗೂ ಪೂರ್ಣ ಉತ್ತರ ಸಿಕ್ಕಿಲ್ಲ. ಅವಧಿಯನ್ನು ಚಿಕ್ಕದು ಮಾಡುವುದೇ ಸದ್ಯದ ಮದ್ದು.

ಸರಕಾರಿ ದಾರಿ, ನೆರೆಕರೆಯ ದಾರಿ

1988ರಲ್ಲಿ ಟೆಲಿಫೋನ್ ಇಲಾಖೆಗಳ ಅಂತರರಾಷ್ಟ್ರೀಯ ಸಂಸ್ಥೆಯು ಇಡೀ ಜಗತ್ತಿಗೆ ಒಂದೇ ಡೈರೆಕ್ಟರಿ ಮಾಡಲು ಹೊರಟಿತು. ಅದಕ್ಕೆ ‘ಎಕ್ಸ್.500’ ಎಂದು ಹೆಸರು. ಅದರ ಒಂದು ಸಣ್ಣ ಭಾಗ ‘ಎಕ್ಸ್.509’, ಪ್ರಮಾಣಪತ್ರದಲ್ಲಿ ಏನೇನು ಬರೆದಿರಬೇಕು ಎಂಬ ನಮೂನೆ. ಜಗತ್ತಿನ ಡೈರೆಕ್ಟರಿ ಬರಲೇ ಇಲ್ಲ. ಸಣ್ಣ ನಮೂನೆ ಮಾತ್ರ ಉಳಿದು ಬೆಳೆಯಿತು. ಇವತ್ತು ಬ್ಯಾಂಕಿನ ತಾಣ ತೆರೆದಾಗ ನಮ್ಮ ಮೊಬೈಲು ಓದುವುದು ಆ ನಮೂನೆಯ ಮೂರನೆಯ ಆವೃತ್ತಿಯನ್ನೇ.

1993ರಲ್ಲಿ ಇಮೈಲನ್ನು ಭದ್ರಪಡಿಸಲು ‘ಪ್ರೈವಸಿ ಎನ್‌ಹಾನ್ಸ್‌ಡ್ ಮೈಲ್’ ಎಂಬ ಯೋಜನೆ ಬಂತು. ಮೇಲೆ ಒಂದೇ ಒಂದು ಮೂಲ, ಅದರ ಕೆಳಗೆ ಶಾಖೆ, ಉಪಶಾಖೆ. ಹೀಗೆ ಎಲ್ಲವೂ ಸರಕಾರಿ ಆಫೀಸಿನಂತೆ. ಆ ಒಂದು ಮೂಲವಾಗಿ ಯಾರನ್ನು ಒಪ್ಪಬೇಕು ಎಂಬಲ್ಲೇ ತೊಡಕಾಗಿ ಯೋಜನೆ ಬಿದ್ದುಹೋಯಿತು. ಅದರ ಹೆಸರಿನ ಮೊದಲಕ್ಷರಗಳು ಮಾತ್ರ ಉಳಿದಿವೆ: ಪ್ರಮಾಣಪತ್ರದ ಕಡತಗಳ ಬಾಲದಲ್ಲಿ ಕಾಣುವ ‘ಡಾಟ್ ಪಿಇಎಂ’ ಅದೇ.

ಇದಕ್ಕೆ ಎದುರಾದ ದಾರಿಯೊಂದನ್ನು ಫಿಲ್ ಜಿಮ್ಮರ್‌ಮನ್ 1991ರಲ್ಲಿ ಬಿಡುಗಡೆ ಮಾಡಿದ ‘ಪಿಜಿಪಿ’ ತಂತ್ರಾಂಶ ಹಿಡಿಯಿತು. ಮೇಲೆ ಯಾರೂ ಬೇಡ. ನನ್ನ ಗುರುತು ಇರುವವರು ನನಗೆ ಸಹಿ ಹಾಕಲಿ, ಅವರ ಗುರುತು ಇರುವವರು ಅವರಿಗೆ ಹಾಕಲಿ. ಹೆಣ್ಣು ಕೇಳಲು ಹೋಗುವ ಮೊದಲು ನೆರೆಕರೆಯವರಲ್ಲಿ ವಿಚಾರಿಸುತ್ತಾರಲ್ಲ, ಥೇಟ್ ಹಾಗೆ. ಗೆಳೆಯರ ಬಳಗಕ್ಕೆ ಇದು ಒಳ್ಳೆಯದೇ. ಆದರೆ ರೈಲು ಟಿಕೇಟು ಕಾದಿರಿಸಲು ಕುಳಿತ ಮನುಷ್ಯ ಯಾವ ನೆರೆಕರೆಯನ್ನು ಹುಡುಕಿಕೊಂಡು ಹೋದಾನು?

ಪಟ್ಟಿ ಬ್ರೌಸರಿನೊಳಗೆ ಬಂತು

ವ್ಯಾಪಾರಕ್ಕೆ ಬೇಕಾದ ದಾರಿಯನ್ನು ನೆಟ್‌ಸ್ಕೇಪ್ ಕಂಪೆನಿ ತೋರಿಸಿತು. 1995ರಲ್ಲಿ ಅದು ತನ್ನ ಬ್ರೌಸರಿನೊಂದಿಗೆ ‘ಎಸ್‌ಎಸ್‌ಎಲ್’ ಎಂಬ ಗುಪ್ತ ಸಂಪರ್ಕದ ಕ್ರಮವನ್ನು ತಂದಿತು. ಇದರ ಮುಂದಿನ ರೂಪವೇ 1999ರ ‘ಟಿಎಲ್‌ಎಸ್’. ಯಾರ ಸೀಲನ್ನು ನಂಬಬೇಕು ಎಂಬ ಪಟ್ಟಿಯನ್ನು ಬ್ರೌಸರಿನ ಒಳಗೇ ತುಂಬಿಸಿ ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಬಳಸುವವರು ಏನನ್ನೂ ಆರಿಸಬೇಕಿಲ್ಲ.

ಕೆಲಸ ನಡೆಯುವ ಬಗೆ ಇಷ್ಟು. ಸರ್ವರು ತನ್ನ ಪ್ರಮಾಣಪತ್ರ ತೋರಿಸುತ್ತದೆ. ಬ್ರೌಸರು ನಾಲ್ಕು ಪ್ರಶ್ನೆ ಹಾಕುತ್ತದೆ. ಸೀಲು ಹಾಕಿದವರು ನನ್ನ ಪಟ್ಟಿಯವರೇ, ಅಥವಾ ಪಟ್ಟಿಯವರಿಂದ ಅಧಿಕಾರ ಪಡೆದವರೇ? ಬರೆದಿರುವ ಹೆಸರೂ ನಾನು ಹುಡುಕಿ ಬಂದ ವಿಳಾಸವೂ ಒಂದೇ ಹೌದೇ? ಅವಧಿ ಮುಗಿದಿಲ್ಲವಷ್ಟೆ? ಇದರ ಜೋಡಿಯಾದ ಗುಟ್ಟಿನ ಕೀಲಿಕೈ ಈ ಸರ್ವರಿನ ಬಳಿ ನಿಜಕ್ಕೂ ಉಂಟೇ? ನಾಲ್ಕಕ್ಕೂ ಹೌದೆಂದಾದರೆ ಇಬ್ಬರೂ ಸೇರಿ ಆ ಹೊತ್ತಿಗೆ ಮಾತ್ರ ಸಲ್ಲುವ ಹೊಸ ಕೀಲಿಕೈಯೊಂದನ್ನು ಹೊಂದಿಸಿಕೊಂಡು ಮಾತು ಶುರುಮಾಡುತ್ತಾರೆ.

ಪಟ್ಟಿಯಲ್ಲಿ ಹೆಸರಿದ್ದವರಿಗೆ ಸುಗ್ಗಿಯೋ ಸುಗ್ಗಿ! 1995ರಲ್ಲಿ ಆರ್‌ಎಸ್‌ಎ ಕಂಪೆನಿಯಿಂದ ಬೇರ್ಪಟ್ಟು ‘ವೆರಿಸೈನ್’ ಹುಟ್ಟಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಮಾರ್ಕ್ ಶಟಲ್‌ವರ್ತ್ ಎಂಬ ಯುವಕ ‘ಥಾಟ್’ ಎಂಬ ಸಿಎ ಆರಂಭಿಸಿದ. 1999ರಲ್ಲಿ ವೆರಿಸೈನ್ ಅದನ್ನು 57.5 ಕೋಟಿ ಡಾಲರಿಗೆ ಕೊಂಡಿತು. ಆ ದುಡ್ಡಿನಿಂದ ಆತ 2002ರಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದ, 2004ರಲ್ಲಿ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊರತಂದ. ಕೇರಳದ ಶಾಲೆಗಳಿಗಾಗಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿರುವ ಗ್ನು/ಲಿನಕ್ಸ್ ಅದೇ ಉಬುಂಟುವಿನ ಮೇಲೆ ನಿಂತಿದೆ. ಸೀಲು ಹಾಕಿ ಗಳಿಸಿದ ಹಣದ ಒಂದು ಪಾಲು ತಿರುಗಿ ತಿರುಗಿ ನಮ್ಮ ಲ್ಯಾಬಿನ ಮಕ್ಕಳವರೆಗೂ ಬಂತು ನೋಡಿ!

ಆಸ್ಟ್ರೇಲಿಯದ ಕಮ್ಮಟ

ಸೀಲು ಮಾಡುವ ಯಂತ್ರ ಎಲ್ಲರ ಕೈಗೆ ಬಂದದ್ದು ಇನ್ನೊಂದು ದಾರಿಯಲ್ಲಿ. ಆ ಕಾಲದಲ್ಲಿ ಅಮೆರಿಕವು ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಸಾಲಿನಲ್ಲಿ ಇಟ್ಟಿತ್ತು. ಹೊರದೇಶಗಳಿಗೆ ಕೊಡುವ ಬ್ರೌಸರಿನಲ್ಲಿ ಕೀಲಿಕೈಯ ಉದ್ದ 40 ಬಿಟ್ ಮಾತ್ರ, ಮನಸ್ಸು ಮಾಡಿದವರು ಮುರಿಯಬಹುದಾದಷ್ಟು. ಆರ್‌ಎಸ್‌ಎ ಗಣಿತಕ್ಕೆ ಅಲ್ಲಿ ಪೇಟೆಂಟ್ ಬೇರೆ ಇತ್ತು.

ಆಗ ಆಸ್ಟ್ರೇಲಿಯದಲ್ಲಿ ಎರಿಕ್ ಯಂಗ್ ಎಂಬವರು ಟಿಮ್ ಹಡ್ಸನ್ ಜತೆಗೂಡಿ ಎಸ್‌ಎಸ್‌ಎಲ್ಲನ್ನು ತಾವೇ ಮೊದಲಿನಿಂದ ಬರೆದರು. ಅಮೆರಿಕದ ಕಾನೂನು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವರ ತಂತ್ರಾಂಶ ‘ಎಸ್‌ಎಸ್‌ಎಲ್-ಇಎವೈ’. ಕೊನೆಯ ಮೂರಕ್ಷರ ಎರಿಕ್ ಅವರದೇ ಹೆಸರಿನವು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಿತ್ತು. ಅವರಿಬ್ಬರೂ ಬೇರೆ ಕೆಲಸಕ್ಕೆ ಹೋದ ಮೇಲೆ ಉಳಿದ ಉತ್ಸಾಹಿಗಳು ಅದನ್ನೇ ಮುಂದುವರಿಸಿ 1998ರ ಡಿಸೆಂಬರಿನಲ್ಲಿ ‘ಓಪನ್‌ಎಸ್‌ಎಸ್‌ಎಲ್’ ಎಂದು ಹೊರತಂದರು. 2000ದಲ್ಲಿ ಅಮೆರಿಕದ ರಫ್ತು ನಿಯಮ ಸಡಿಲವಾಯಿತು, ಅದೇ ವರ್ಷ ಆರ್‌ಎಸ್‌ಎ ಪೇಟೆಂಟೂ ಮುಗಿಯಿತು.

ಓಪನ್‌ಎಸ್‌ಎಸ್‌ಎಲ್ ಜತೆ ‘ಸಿಎ ಡಾಟ್ ಪಿಎಲ್’ ಎಂಬ ಪುಟ್ಟ ಆದೇಶಮಾಲೆಯೊಂದು ಬರುತ್ತಿತ್ತು. ‘ಹೊಸ ಸಿಎ’, ‘ಹೊಸ ಅರ್ಜಿ’, ‘ಸಹಿ ಹಾಕು’ ಎಂಬ ಮೂರು ಆಜ್ಞೆ ಕೊಟ್ಟರೆ ಮುಗಿಯಿತು, ‘ಡೆಮೊಸಿಎ’ ಎಂಬ ಫೋಲ್ಡರಿನಲ್ಲಿ ನಿಮ್ಮದೇ ಸರ್ಟಿಫಿಕೇಟ್ ಅಥಾರಿಟಿ ಸಿದ್ಧ. ವೆರಿಸೈನ್ ನೂರಾರು ಡಾಲರಿಗೆ ಕೊಡುತ್ತಿದ್ದ ಸೀಲಿನ ಗಣಿತವೂ ಇದರ ಗಣಿತವೂ ಒಂದೇ. ವೆರಿಸೈನಿನ ಹೆಸರು ಎಲ್ಲರ ಪಟ್ಟಿಯಲ್ಲಿ ಇತ್ತು, ನಮ್ಮದು ಇರಲಿಲ್ಲ. ವ್ಯತ್ಯಾಸ ಇಷ್ಟೇ! ಮುಂದೆ 2001ರಲ್ಲಿ ಬಂದ ‘ಓಪನ್‌ವಿಪಿಎನ್’ ತನ್ನ ಬಳಕೆದಾರರಿಗೆ ಸ್ವಂತ ಸಿಎ ಮಾಡಿಕೊಳ್ಳುವುದನ್ನೇ ಕಲಿಸಿತು. ಅದರ ‘ಈಸಿ-ಆರ್‌ಎಸ್‌ಎ’ ಎಂಬ ಉಪಕರಣ ಹಿಡಿದು ಎಷ್ಟೋ ಆಫೀಸುಗಳು ತಮ್ಮದೇ ಕಮ್ಮಟ ಇಟ್ಟುಕೊಂಡವು.

ಮೊಹರು ತಪ್ಪು ಕೈಗೆ ಸಿಕ್ಕಾಗ

ಈ ಏರ್ಪಾಡಿನ ದೊಡ್ಡ ದೌರ್ಬಲ್ಯ ಏನೆಂದರೆ, ಪಟ್ಟಿಯಲ್ಲಿರುವ ಯಾವ ಸಿಎ ಆದರೂ ಯಾವ ಹೆಸರಿಗಾದರೂ ಸೀಲು ಹಾಕಬಹುದು. ಮಂಜೇಶ್ವರದ ವಿಲ್ಲೇಜ್ ಆಫೀಸಿನ ಸೀಲು ಹಾಕಿ ದೆಹಲಿಯ ಮನೆಯ ಹಕ್ಕುಪತ್ರ ಕೊಟ್ಟರೂ ಊರೆಲ್ಲ ಒಪ್ಪಿದ ಹಾಗೆ.

2011ರಲ್ಲಿ ನೆದರ್‌ಲ್ಯಾಂಡ್ಸಿನ ‘ಡಿಜಿನೋಟಾರ್’ ಎಂಬ ಸಿಎಗೆ ಕಳ್ಳರು ನುಗ್ಗಿದರು. ಅದೇ ಜುಲೈ 10ರಂದು ಗೂಗಲಿನ ಹೆಸರಿಗೆ ಸುಳ್ಳು ಪ್ರಮಾಣಪತ್ರವೊಂದು ಅಲ್ಲಿಂದ ಹೊರಬಿತ್ತು. ಇರಾನಿನಲ್ಲಿ ಜಿಮೈಲ್ ತೆರೆದವರು ಮತ್ತು ಗೂಗಲಿನ ನಡುವೆ ಯಾರೋ ಕುಳಿತು ಓದತೊಡಗಿದರು. ಪ್ರಮಾಣಪತ್ರ ಎಲ್ಲ ಪರೀಕ್ಷೆಯಲ್ಲೂ ಪಾಸು! ಕ್ರೋಮ್ ಬ್ರೌಸರಿನಲ್ಲಿ ಗೂಗಲಿನ ಅಸಲಿ ಕೀಲಿಕೈಗಳ ಗುರುತು ಬೇರೆಯಾಗಿ ಇತ್ತಾದ್ದರಿಂದ, ಆಗಸ್ಟ್ ಕೊನೆಗೆ ಇರಾನಿನ ಒಬ್ಬ ಬಳಕೆದಾರನಿಗೆ ಎಚ್ಚರಿಕೆ ಕಂಡು ಸುದ್ದಿ ಹೊರಬಿತ್ತು. ತನಿಖೆಯಲ್ಲಿ 531 ಸುಳ್ಳು ಪ್ರಮಾಣಪತ್ರಗಳು ಸಿಕ್ಕವು. ಸುಮಾರು 3 ಲಕ್ಷ ಇರಾನೀ ಐಪಿ ವಿಳಾಸಗಳು ಇದಕ್ಕೆ ಗುರಿಯಾಗಿದ್ದವು. ಡಿಜಿನೋಟಾರಿನ ಸಿಎ ಸರ್ವರುಗಳೆಲ್ಲ ಒಂದೇ ವಿಂಡೋಸ್ ಡೊಮೈನಿನಲ್ಲಿ ಇದ್ದವು, ಒಂದು ಪಾಸ್‌ವರ್ಡ್ ಸಿಕ್ಕರೆ ಎಲ್ಲದಕ್ಕೂ ದಾರಿ. ಗಣಿತವನ್ನು ಯಾರೂ ಮುರಿದಿರಲಿಲ್ಲ, ಬಾಗಿಲೇ ತೆರೆದಿತ್ತು. ಸೆಪ್ಟೆಂಬರಿನಲ್ಲಿ ಕಂಪೆನಿ ದಿವಾಳಿಯಾಯಿತು.

ನಮ್ಮ ದೇಶದ ಕಥೆಯೂ ಒಂದಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದು ಡಿಜಿಟಲ್ ಸಹಿಗೆ ಮಾನ್ಯತೆ ಸಿಕ್ಕಿತು. ಸಿಎಗಳಿಗೆ ಪರವಾನಗಿ ಕೊಡಲು ‘ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್’ ಎಂಬ ಅಧಿಕಾರಿ ಬಂದರು. ಆಧಾರಿನ ಸಹಿಯ ಬೇರು ಇರುವುದು ಅಲ್ಲಿಯೇ. 2014ರ ಜುಲೈ 2ರಂದು, ಎನ್‌ಐಸಿಯ ಸಿಎಯಿಂದ ಗೂಗಲಿನ ಹಲವು ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೋಗಿರುವುದು ಗೂಗಲಿಗೆ ಗೊತ್ತಾಯಿತು. ಮರುದಿನವೇ ಎನ್‌ಐಸಿಯ ಅಧಿಕಾರಪತ್ರಗಳನ್ನು ಕಂಟ್ರೋಲರ್ ರದ್ದುಮಾಡಿದರು. ಆಮೇಲೆ ಗೂಗಲ್ ತೆಗೆದುಕೊಂಡ ತೀರ್ಮಾನ ನಮಗೆ ಮುಖ್ಯ. ಭಾರತದ ಮೂಲ ಪ್ರಮಾಣಪತ್ರವನ್ನು ಕ್ರೋಮ್ ಪೂರ್ತಿ ಹೊರಗೆ ಹಾಕಲಿಲ್ಲ, ಬೇಲಿ ಹಾಕಿತು: ಗವ್ ಡಾಟ್ ಇನ್, ನಿಕ್ ಡಾಟ್ ಇನ್, ಎಸಿ ಡಾಟ್ ಇನ್ ಮುಂತಾದ ಕೆಲವೇ ಹೆಸರುಗಳ ಒಳಗೆ ಮಾತ್ರ ಅದರ ಸೀಲು ನಡೆಯುತ್ತದೆ ಎಂದಿತು. ವಿಲ್ಲೇಜ್ ಆಫೀಸಿನ ಸೀಲು ಆ ವಿಲ್ಲೇಜಿಗೇ ಸೀಮಿತ, ಸರಿಯಾದ ಮಾತೇ ಅಲ್ಲವೇ?

ಖಾಸಗಿ ಸಿಎ ಕೆಟ್ಟ ಉದಾಹರಣೆಯೂ ಉಂಟು. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಲೆನೊವೊ ಕಂಪೆನಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಇತ್ತು. ಗುಪ್ತ ಪುಟಗಳ ನಡುವೆಯೂ ಜಾಹೀರಾತು ತುರುಕಲು ಅದು ತನ್ನದೇ ಸಿಎಯನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಿಕೊಂಡಿತ್ತು. ಸಾಲದ್ದಕ್ಕೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಒಂದೇ ಗುಟ್ಟಿನ ಕೀಲಿಕೈ, ಅದೂ ಆ ಯಂತ್ರದ ಒಳಗೇ! 2015ರ ಫೆಬ್ರವರಿಯಲ್ಲಿ ಸಂಶೋಧಕರು ಅದರ ಪಾಸ್‌ವರ್ಡನ್ನು ಬಹುಬೇಗ ಕಂಡುಹಿಡಿದರು. ಆ ಭಾಗವನ್ನು ತಯಾರಿಸಿದ ಕಂಪೆನಿಯ ಹೆಸರೇ ಪಾಸ್‌ವರ್ಡ್ ಆಗಿತ್ತು. ಅಂದರೆ ಆ ಕೀಲಿಕೈ ಹಿಡಿದವರು ಯಾವ ಬ್ಯಾಂಕಿನ ಹೆಸರಿಗಾದರೂ ಸೀಲು ಹಾಕಬಹುದು, ಆ ಲ್ಯಾಪ್‌ಟಾಪುಗಳು ಒಪ್ಪುತ್ತವೆ.

2019ರ ಜುಲೈಯಲ್ಲಿ ಕಜಕಸ್ತಾನದ ಜನರಿಗೆ ಸರಕಾರದ ಮೂಲ ಪ್ರಮಾಣಪತ್ರವನ್ನು ತಮ್ಮ ಮೊಬೈಲಿಗೆ ಹಾಕಿಕೊಳ್ಳಲು ಹೇಳಲಾಯಿತು. ಹಾಕಿಕೊಂಡರೆ ಅವರ ಗುಪ್ತ ಸಂಪರ್ಕಗಳನ್ನೆಲ್ಲ ನಡುವೆ ಕುಳಿತು ಓದಬಹುದಿತ್ತು. ಆಗಸ್ಟಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿಗಳು ಆ ಪ್ರಮಾಣಪತ್ರವನ್ನೇ ತಡೆದವು.

ಈ ನಾಲ್ಕೂ ಕಥೆಗಳ ಪಾಠ ಒಂದೇ. ‘ಈ ಫೈಲನ್ನು ಇನ್‌ಸ್ಟಾಲ್ ಮಾಡಿ’ ಎಂದು ಯಾರಾದರೂ ಮೂಲ ಪ್ರಮಾಣಪತ್ರ ಕಳಿಸಿದರೆ, ಅವರು ಕೇಳುತ್ತಿರುವುದು ನಮ್ಮ ಮನೆಯ ಎಲ್ಲ ಕೋಣೆಗಳ ಬೀಗದ ಕೈಯನ್ನು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿಕೊಡಬೇಕು.

ಉಚಿತ ಸೀಲು ಬಂದ ಮೇಲೂ

2015ರ ಡಿಸೆಂಬರ್ 3ರಂದು ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ಸಿಎ ಸಾರ್ವಜನಿಕರಿಗೆ ತೆರೆದುಕೊಂಡಿತು. ದುಡ್ಡಿಲ್ಲ, ಕಾಗದವಿಲ್ಲ. ಹೆಸರು ನಿಮ್ಮ ಕೈಯಲ್ಲಿದೆಯೆಂದು ಯಂತ್ರವೇ ಪರೀಕ್ಷಿಸಿ 90 ದಿನಗಳ ಪ್ರಮಾಣಪತ್ರ ಕೊಡುತ್ತಿತ್ತು. 2020ರ ಫೆಬ್ರವರಿಗೆ ಅದು ಕೊಟ್ಟವುಗಳ ಸಂಖ್ಯೆ 100 ಕೋಟಿ ದಾಟಿತು. ಹಾಗಾದರೆ ನಮ್ಮದೇ ಸಿಎ ಇನ್ನು ಯಾಕೆ?

ಕಾರಣ ಉಂಟು. ಶಾಲೆಯೊಳಗಿನ ಸರ್ವರಿಗೆ ಹೊರಜಗತ್ತಿನಲ್ಲಿ ಹೆಸರಿಲ್ಲ. ಹಿಂದೆ ದುಡ್ಡು ಕೊಟ್ಟರೆ ‘ಮೈಲ್’, ‘ಇಂಟ್ರಾನೆಟ್’ ಎಂಬಂಥ ಒಳಹೆಸರುಗಳಿಗೂ ಪ್ರಮಾಣಪತ್ರ ಸಿಗುತ್ತಿತ್ತು. ಆದರೆ ‘ಮೈಲ್’ ಎಂಬ ಹೆಸರಿನ ಸರ್ವರು ಸಾವಿರಾರು ಆಫೀಸುಗಳಲ್ಲಿ ಇದೆ, ಒಂದಕ್ಕೆ ಪಡೆದದ್ದು ಇನ್ನೊಂದರ ವೇಷ ಹಾಕಲು ಸಾಕು! ಹಾಗಾಗಿ 2015ರ ನವೆಂಬರಿನಿಂದ ಸಾರ್ವಜನಿಕ ಸಿಎಗಳು ಒಳಹೆಸರಿಗೆ ಕೊಡುವುದನ್ನು ನಿಲ್ಲಿಸಿದವು. ಉಳಿದಿದ್ದವೂ 2016ರ ಅಕ್ಟೋಬರಿಗೆ ರದ್ದಾದವು. ಇಂಥ ಒಳಹೆಸರು ಇಟ್ಟುಕೊಂಡವರಿಗೆ ಸ್ವಂತ ಸಿಎಯೇ ದಾರಿಯಾಯಿತು.

ಇನ್ನೊಂದು ಕಾರಣ ಮಕ್ಕಳದು. ಒಳಗಿನ ಸರ್ವರಿಗೆ ಸರಿಯಾದ ಪ್ರಮಾಣಪತ್ರ ಇಲ್ಲದಿದ್ದರೆ ಬ್ರೌಸರು ಎಚ್ಚರಿಕೆ ತೋರಿಸುತ್ತದೆ. ಆಗ ಹೆಚ್ಚಿನ ಲ್ಯಾಬುಗಳಲ್ಲಿ ಹೇಳುವ ಮಾತು, “ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಿ ಮಕ್ಕಳೇ.” ದಿನಕ್ಕೆರಡು ಸಲ ಹೀಗೆ ಎಚ್ಚರಿಕೆಯನ್ನು ದಾಟಲು ಕಲಿತ ಮಗು ನಾಳೆ ಅಪ್ಪನ ಬ್ಯಾಂಕಿನ ಪುಟದಲ್ಲೂ ಹಾಗೆಯೇ ಮಾಡುತ್ತದೆ. ಕಲಿಸಿದವರು ನಾವೇ ಆಗುತ್ತೇವೆ.

ಮಾಡುವ ಬಗೆ

ಬೇಕಾದದ್ದೆಲ್ಲ ಲ್ಯಾಬಿನ ಉಬುಂಟುವಿನಲ್ಲಿ ಇದೆ, ಓಪನ್‌ಎಸ್‌ಎಸ್‌ಎಲ್ ಅಲ್ಲೇ ಉಂಟು. ಕ್ರಮ ಹೀಗೆ:

1. ನೆಟ್‌ವರ್ಕಿಗೆ ಸೇರಿಸದ ಒಂದು ಕಂಪ್ಯೂಟರಿನಲ್ಲಿ ಸಿಎಯ ಕೀಲಿಕೈ ಜೋಡಿಯನ್ನು ಹುಟ್ಟಿಸಿ, ಗುಟ್ಟಿನದಕ್ಕೆ ಉದ್ದನೆಯ ಪಾಸ್‌ವರ್ಡ್ ಹಾಕಬೇಕು.

2. ಸಿಎ ತನಗೆ ತಾನೇ ಸಹಿ ಹಾಕಿಕೊಂಡ ಮೂಲ ಪ್ರಮಾಣಪತ್ರ ಮಾಡಬೇಕು. ಅವಧಿ ಹತ್ತು ವರ್ಷ ಇರಬಹುದು. ಕ್ರೋಮ್ ಭಾರತದ ಮೂಲಕ್ಕೆ ಹಾಕಿದ ಬೇಲಿಯನ್ನು ನಾವೇ ಇಲ್ಲಿ ಹಾಕಿಕೊಳ್ಳಬೇಕು: ‘ಈ ಸೀಲು ಶಾಲೆಯ ಒಳಹೆಸರುಗಳಿಗೆ ಮಾತ್ರ’. ಇದಕ್ಕೆ ‘ನೇಮ್ ಕನ್‌ಸ್ಟ್ರೇಂಟ್’ ಎನ್ನುತ್ತಾರೆ. ಹೆಸರಿನ ಕೊನೆಗೆ ‘ಡಾಟ್ ಇಂಟರ್ನಲ್’ ಇಟ್ಟರೆ ಒಳ್ಳೆಯದು. ಅದನ್ನು 2024ರ ಜುಲೈಯಲ್ಲಿ ಐಕಾನ್ ಸಂಸ್ಥೆ ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ.

3. ಸರ್ವರು ತನ್ನ ಕೀಲಿಕೈ ಜೋಡಿಯನ್ನು ತನ್ನಲ್ಲೇ ಹುಟ್ಟಿಸಿಕೊಂಡು ಒಂದು ಅರ್ಜಿ ತಯಾರಿಸುತ್ತದೆ. ಅರ್ಜಿ ಮಾತ್ರ ಪೆನ್‌ಡ್ರೈವಿನಲ್ಲಿ ಸಿಎ ಬಳಿಗೆ ಹೋಗಬೇಕು. ಸರ್ವರಿನ ಗುಟ್ಟಿನ ಕೀಲಿಕೈ ಅಲ್ಲಿಂದ ಕದಲಬಾರದು.

4. ಸಿಎ ಅರ್ಜಿಗೆ ಒಂದು ವರ್ಷದ ಅವಧಿಯ ಸಹಿ ಹಾಕುತ್ತದೆ. ಸರ್ವರಿನ ಹೆಸರು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಅಂಕಣದಲ್ಲಿ ಇರಲೇಬೇಕು. ಹಳೆಯ ‘ಕಾಮನ್ ನೇಮ್’ ಅಂಕಣವನ್ನು ಕ್ರೋಮ್ 2017ರಲ್ಲೇ ನೋಡುವುದು ಬಿಟ್ಟಿತು. ಹಳೆಯ ಪುಸ್ತಕ ನೋಡಿ ಮಾಡಿದ್ದು ಕೆಲಸ ಮಾಡದಿರಲು ಇದೇ ಸಾಮಾನ್ಯ ಕಾರಣ.

5. ಸಿಎಯ ಮೂಲ ಪ್ರಮಾಣಪತ್ರವನ್ನು ಮಾತ್ರ ಲ್ಯಾಬಿನ ಕಂಪ್ಯೂಟರುಗಳಿಗೆ ಹಾಕಬೇಕು. ಬ್ರೌಸರುಗಳು ತಮ್ಮದೇ ಪಟ್ಟಿ ಇಟ್ಟುಕೊಳ್ಳುವುದರಿಂದ ಅಲ್ಲಿಗೂ ಸೇರಿಸಬೇಕಾದೀತು. ಮಕ್ಕಳ, ಹೆತ್ತವರ ಸ್ವಂತ ಮೊಬೈಲುಗಳಿಗೆ ಖಂಡಿತ ಬೇಡ.

6. ಗುಟ್ಟಿನ ಕೀಲಿಕೈ ಇರುವ ಪೆನ್‌ಡ್ರೈವು, ಅದರ ಒಂದು ಪ್ರತಿ ಹೆಡ್‌ಮಾಷ್ಟ್ರ ಕಪಾಟಿಗೆ. ಪಾಸ್‌ವರ್ಡ್ ಬೇರೆ ಕಡೆಗೆ. ಯಾವಾಗ, ಯಾವ ಸರ್ವರಿಗೆ ಸಹಿ ಹಾಕಿದೆವು ಎಂಬುದಕ್ಕೆ ಒಂದು ರಿಜಿಸ್ಟರ್.

ಕೊನೆಯದು ಹಳೆಯ ಕಾಲದ ಕ್ರಮದಂತೆ ಕಂಡೀತು. ಆದರೆ ದೊಡ್ಡವರೂ ಬಂದು ಮುಟ್ಟಿದ್ದು ಅಲ್ಲಿಗೇ. ಡಿಜಿನೋಟಾರ್ ಬಿದ್ದ ಮೇಲೆ, ಕೊಟ್ಟ ಪ್ರತಿಯೊಂದು ಪ್ರಮಾಣಪತ್ರವನ್ನೂ ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಬರೆಯಬೇಕೆಂಬ ‘ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ’ ಪದ್ಧತಿ 2013ರಲ್ಲಿ ರೂಪುಗೊಂಡಿತು. 2018ರಿಂದ ಕ್ರೋಮ್ ಅದನ್ನು ಹೊಸ ಪ್ರಮಾಣಪತ್ರಗಳಿಗೆಲ್ಲ ಕಡ್ಡಾಯ ಮಾಡಿತು. ನಮ್ಮ ಖಾಸಗಿ ಸಿಎ ಕೊಡುವ ಸೀಲುಗಳು ಆ ದಾಖಲೆಗೆ ಹೋಗುವುದಿಲ್ಲ, ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನಮ್ಮ ರಿಜಿಸ್ಟರನ್ನು ನಾವೇ ಇಟ್ಟುಕೊಳ್ಳಬೇಕು.

ಎಂಟು, ಒಂಬತ್ತನೆಯ ಕ್ಲಾಸಿನ ಮಕ್ಕಳನ್ನು ಜತೆಗೆ ಕೂರಿಸಿಕೊಂಡೇ ಇದನ್ನು ಮಾಡಬಹುದು. ಒಬ್ಬರು ಅರ್ಜಿ ತರಲಿ, ಒಬ್ಬರು ಹೆಸರು ಪರೀಕ್ಷಿಸಲಿ, ಒಬ್ಬರು ರಿಜಿಸ್ಟರಿನಲ್ಲಿ ಬರೆಯಲಿ. ಬೇಲಿಯ ಹೊರಗಿನ ಹೆಸರೊಂದಕ್ಕೆ ಬೇಕೆಂದೇ ಸೀಲು ಹಾಕಿ, ಬ್ರೌಸರು ಅದನ್ನು ತಳ್ಳಿಹಾಕುವುದನ್ನೂ ತೋರಿಸಬೇಕು. ತಾಲೂಕು ಆಫೀಸಿನ ಕಾಗದ ಹಿಡಿದು ಗಡಿ ದಾಟಬೇಕಾದ ಮಕ್ಕಳು ಇವರು. ಸೀಲಿನ ಬೆಲೆ ಎಲ್ಲಿಂದ ಬರುತ್ತದೆ, ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರಬೇಕು.